ಬ್ಯಾಂಕಾಕ್‌ನಿಂದ ಅಯುತ್ಥಯ: ಒಂದೇ ದಿನ ಸಾಕಾ? ಯಾವ ದೇಗುಲ ಮೊದಲು, ಯಾವುದು ಬಿಡಬಹುದು?

ಕಾವೇರಿಕೊಳ್ಳ:
ಡಿಸೆಂಬರಿನಲ್ಲಿ ಬ್ಯಾಂಕಾಕ್‌ನಲ್ಲಿ ಐದು ದಿನ ಇರ್ತೀವಿ. ಅದರಲ್ಲಿ ಒಂದು ದಿನ ಥಾಯ್ಲೆಂಡಿನ ಹಳೇ ರಾಜಧಾನಿ ಅಯುತ್ಥಯಕ್ಕೆ ಅಂತ ಎತ್ತಿಟ್ಟಿದೆ. ಒಟ್ಟು ನಾಲ್ಕು ಜನ. ಇಬ್ಬರಿಗೆ ಎಪ್ಪತ್ತರ ಆಸುಪಾಸು, ಮೊಣಕಾಲು ನೋವು. ಆ ಇಬ್ಬರು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನೋದಿಲ್ಲ. ಪ್ಯಾಕೇಜ್ ಟೂರುಗಳು ಬೆಳಗ್ಗೆ ಕರೆದುಕೊಂಡು ಹೋಗಿ ಸಂಜೆ ವಾಪಸ್ ಬಿಡ್ತಾರಂತೆ, ಎಂಟು ಹತ್ತು ಜಾಗ ತೋರಿಸ್ತಾರಂತೆ. ಸ್ವಂತವಾಗಿ ಹೋಗೋದು ಸುಲಭವಾ? ರೈಲಾ, ವ್ಯಾನಾ? ಯಾವ ದೇಗುಲ ಖಂಡಿತ ನೋಡಬೇಕು? ಊಟದ ಕಥೆ ಏನು?

ರೈಲುಹಳಿ:
ರೈಲು. ಎರಡನೇ ಮಾತೇ ಇಲ್ಲ.

ರೈಲುಹಳಿ:
ವಿವರ ಹೇಳ್ತೀನಿ. ಬ್ಯಾಂಕಾಕ್‌ನಿಂದ ಸುಮಾರು 80 ಕಿ.ಮೀ. ಈಗ ಎರಡು ನಿಲ್ದಾಣ ಇವೆ, ಜನ ಎಡವೋದು ಇಲ್ಲೇ. 2023ರ ಜನವರಿಯಿಂದ ದೂರಪ್ರಯಾಣದ ರೈಲುಗಳು ಕ್ರುಂಗ್ ಥೆಪ್ ಅಫಿವತ್ ಅನ್ನೋ ಹೊಸ ದೊಡ್ಡ ನಿಲ್ದಾಣದಿಂದ ಹೊರಡ್ತವೆ. ಮೆಟ್ರೋದಲ್ಲಿ ಬಾಂಗ್ ಸೂ ಅಂತ ಇಳಿದರೆ ಅದೇ. ಎಲ್ಲಾ ಕಡೆ ನಿಲ್ಲುವ ಆರ್ಡಿನರಿ ರೈಲುಗಳು ಮಾತ್ರ ಹಳೇ ಹುವಾ ಲಂಫೊಂಗ್‌ನಿಂದಲೇ ಇವೆ. ಆರ್ಡಿನರಿಯ ಮೂರನೇ ದರ್ಜೆ 20 ಬಾತ್ (ಥಾಯ್ ಹಣ) ಒಳಗೆ ಮುಗಿಯುತ್ತೆ, ಒಂದೂವರೆಯಿಂದ ಎರಡು ಗಂಟೆ. ಫ್ಯಾನ್ ಇರುತ್ತೆ, ಕಿಟಕಿ ತೆರೆದಿರುತ್ತೆ, ಸೀಟ್ ನಂಬರ್ ಇರೋದಿಲ್ಲ. ಎ.ಸಿ. ಸೀಟಿನ ಎಕ್ಸ್‌ಪ್ರೆಸ್‌ಗೆ ಇದರ ಹತ್ತು ಪಟ್ಟಿಗೂ ಜಾಸ್ತಿ, ಆದರೆ ಸೀಟು ಖಾತ್ರಿ. ಹಿರಿಯರು ಇದ್ದಾರೆ ಅಂದ್ರಲ್ಲ, ಹೋಗುವಾಗ ಸೀಟು ಕಾದಿರಿಸಿ. ಬೆಳಗಿನ ಮೂರನೇ ದರ್ಜೆಯಲ್ಲಿ ನಿಂತು ಹೋಗುವ ಸಂಭವ ಇದೆ.

ಕೆಂಪು ಬಣ್ಣದ ಉಪನಗರ ರೈಲು ಹತ್ತಬೇಡಿ. ಅದು ರಂಗ್‌ಸಿತ್‌ಗೇ ಮುಗಿಯುತ್ತೆ.

ಸಿಂಗಪುರದಕನ್ನಡಿ:
ಒಂದು ಸೇರಿಸ್ತೀನಿ. ನಿಮ್ಮ ವಿಮಾನ ಡಾನ್ ಮುಯಾಂಗ್‌ಗೆ ಇಳಿಯೋದಾದ್ರೆ ಬ್ಯಾಂಕಾಕ್ ಒಳಗೆ ಹೋಗಲೇಬೇಡಿ. ವಿಮಾನ ನಿಲ್ದಾಣದ ಎದುರೇ ರೈಲು ನಿಲ್ದಾಣ, ಅಯುತ್ಥಯದ ರೈಲು ಅಲ್ಲೇ ಸಿಗುತ್ತೆ. ಮೊದಲ ರಾತ್ರಿ ಅಯುತ್ಥಯದಲ್ಲೇ ಕಳೆದು ಆಮೇಲೆ ಬ್ಯಾಂಕಾಕ್‌ಗೆ ಬನ್ನಿ. ಒಂದು ದಿನದ ಗಡಿಬಿಡಿಯೇ ತಪ್ಪುತ್ತೆ.

ಬಿಳಿಜೋಳ:
ಪ್ಯಾಕೇಜ್ ಬ್ಯಾಡ್ರಿ. ಹತ್ತು ಜಾಗ ಅಂದ್ರ ಜಾಗಕ್ಕ ಇಪ್ಪತ್ತು ನಿಮಿಷ ಸಿಗ್ತದ. ಇಪ್ಪತ್ತು ನಿಮಿಷದಾಗ ಮುರುಕು ಇಟ್ಟಿಗಿ ಎಲ್ಲಾ ಒಂದೇ ಥರಾ ಕಾಣ್ತಾವ. ನಾಲ್ಕು ನೋಡ್ರಿ, ನಿಂತು ನೋಡ್ರಿ.

ಗಾರೆಗಚ್ಚು:
ಬಿಳಿಜೋಳ ಹೇಳಿದ್ದಕ್ಕೆ ನೂರು ಅಂಕ. "ಎಲ್ಲಾ ಒಂದೇ ಥರ" ಅನ್ನಿಸೋದು ನೋಡುವ ಕ್ರಮ ತಪ್ಪಿದಾಗ. ಅಯುತ್ಥಯದಲ್ಲಿ ಮೊದಲು ಎರಡು ಆಕಾರ ಬೇರ್ಪಡಿಸೋದು ಕಲಿಯಿರಿ. ಜೋಳದ ತೆನೆಯ ಹಾಗೆ ಮೈತುಂಬ ಪಟ್ಟೆ ಪಟ್ಟೆಯಾಗಿ ಮೇಲೇರುವ ಗೋಪುರ ಪ್ರಾಂಗ್. ಅದು ಖ್ಮೇರರಿಂದ, ಅಂದರೆ ಕಾಂಬೋಡಿಯಾ ಕಡೆಯಿಂದ ಬಂದ ಶೈಲಿ. ಬೋರಲು ಹಾಕಿದ ಗಂಟೆಯ ಆಕಾರ, ಮೇಲೆ ಉಂಗುರಗಳು ಸಣ್ಣದಾಗುತ್ತಾ ಸೂಜಿಮೊನೆ ಆಗೋದು ಚೇದಿ. ಅದು ಸಿಂಹಳದ ಸ್ತೂಪದ ವಂಶ.

ಈಗ ಕಾಲ ಹಾಕಿ ನೋಡಿ. ಮಹಾಥಾತ್ ದೇಗುಲ 1374, ರಾಚ್ಚಬುರಣ ದೇಗುಲ 1424: ಎರಡರಲ್ಲೂ ನಡುಗೋಪುರ ಪ್ರಾಂಗ್. 15ನೇ ಶತಮಾನದ ಕೊನೆಗೆ ಫ್ರಾ ಸಿ ಸನ್‌ಫೆತ್‌ಗೆ ಬಂದರೆ ಸಾಲಾಗಿ ಮೂರು ಚೇದಿ. ಅಲ್ಲಿ ಗಂಟೆ ಗೆದ್ದಿದೆ. 1630ರಲ್ಲಿ ಪ್ರಸಾತ್ ಥೋಂಗ್ ರಾಜ ಚೈವತ್ಥನಾರಾಮ್ ಕಟ್ಟಿಸುವಾಗ ಬೇಕಂತಲೇ ಮತ್ತೆ ಪ್ರಾಂಗ್‌ಗೆ ಹಿಂದಿರುಗಿದ್ದಾನೆ, 35 ಮೀಟರ್ ಎತ್ತರದ್ದು. ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿದರೆ ಇನ್ನೂರೈವತ್ತು ವರ್ಷದ ಕಥೆ ತಾನಾಗೇ ಕಣ್ಣಿಗೆ ಕಟ್ಟುತ್ತೆ. ಐದನೆಯದು ಬೇಕಾದರೆ ನದಿಯಾಚೆ ವತ್ ಯಾಯ್ ಚೈ ಮೊಂಗ್‌ಖೊನ್. ವತ್ ಅಂದರೆ ದೇಗುಲ.

ಕಾವೇರಿಕೊಳ್ಳ:
ಗಾರೆಗಚ್ಚು, ಇದು ಬಹಳ ಉಪಯೋಗ ಆಯ್ತು. ಮಹಾಥಾತ್‌ನಲ್ಲೇ ತಾನೆ ಆಲದ ಮರದ ಬೇರಿನೊಳಗೆ ಬುದ್ಧನ ತಲೆ ಇರೋದು?

ತುಂಗಾತೀರ:
ಆಲ ಅಲ್ಲ, ಅರಳಿ. ಎಲೆಯ ಬಾಲ ನೋಡಿ, ತಕ್ಷಣ ಗೊತ್ತಾಗುತ್ತೆ. ಥಾಯ್‌ನಲ್ಲಿ ತೊನ್ ಫೋ, ಬೋಧಿವೃಕ್ಷ.

ಗಾರೆಗಚ್ಚು:
ಹೌದು, ಅರಳಿ. ಒಬ್ಬ ಕಾವಲುಗಾರ ಅಲ್ಲೇ ಇರ್ತಾನೆ. ಮುಖ ಮಾತ್ರ ಕಾಣುತ್ತೆ, ಸ್ವಲ್ಪ ಓರೆಯಾಗಿ ಕೂತಿದೆ. ಕೆನ್ನೆಯ ಎರಡೂ ಬದಿಗೆ ಬೇರುಗಳು ಚೌಕಟ್ಟಿನ ಹಾಗೆ ಸುತ್ತಿವೆ. ಮರಳುಗಲ್ಲಿನ ತಲೆ. ಮರದಲ್ಲಿ ಕೆತ್ತಿದ್ದಲ್ಲ, ಯಾರೂ ಜೋಡಿಸಿಟ್ಟದ್ದೂ ಅಲ್ಲ. ನೆಲಕ್ಕೆ ಬಿದ್ದಿದ್ದ ತಲೆಯ ಸುತ್ತ ಮರ ಬೆಳೆದಿದೆ.

ನಿಯಮ ಒಂದೇ: ಫೋಟೊ ತೆಗೆಸಿಕೊಳ್ಳುವಾಗ ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ಅದು ಇರೋದು ನೆಲದ ಹತ್ತಿರ, ಹಾಗಾಗಿ ಮಂಡಿಯೂರಬೇಕು ಇಲ್ಲ ಕುಕ್ಕರಗಾಲಲ್ಲಿ ಕೂರಬೇಕು. ಮೊಣಕಾಲು ನೋವಿನವರು ದೂರದಿಂದ ಕೈಮುಗಿದರೆ ಸಾಕು, ಫೋಟೊಗಾಗಿ ಒದ್ದಾಡಿಸಬೇಡಿ.

ಕರಾವಳಿಕಣ್ಣು:
ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಾಲಾಗಿ ಕೂತ ತಲೆಯಿಲ್ಲದ ಬುದ್ಧರ ಹಿಂದೆ ನಿಂತು, ತಮ್ಮ ತಲೆ ಅದರ ಕುತ್ತಿಗೆ ಮೇಲೆ ಬರುವ ಹಾಗೆ ಫೋಟೊ. ದಯವಿಟ್ಟು ಯಾರೂ ಮಾಡಬೇಡಿ. ಅಲ್ಲಿಯವರಿಗೆ ಅದು ನೇರ ಅವಮಾನ. ಮಕ್ಕಳಿಗೆ ಮೊದಲೇ ಹೇಳಿಟ್ಟು ಕರೆದುಕೊಂಡು ಹೋಗಿ.

ಹಂಪೆಹಾದಿ:
ಆ ತಲೆಗಳನ್ನೆಲ್ಲ 1767ರಲ್ಲಿ ಬರ್ಮಾ ಸೈನಿಕರು ಕಡಿದದ್ದು. ನಮ್ಮ ಹಂಪಿಗೆ 1565ರಲ್ಲಿ ಆದದ್ದೇ ಕಥೆ.

ಗಾರೆಗಚ್ಚು:
ಅರ್ಧ ಸರಿ. ನಗರ ಬಿದ್ದದ್ದು 1767ರ ಏಪ್ರಿಲ್ 7ಕ್ಕೆ, ಬೆಂಕಿ ಬಿದ್ದದ್ದೂ ನಿಜ. ಆದರೆ ಎಲ್ಲಾ ತಲೆಗಳ ಲೆಕ್ಕವನ್ನು ಆ ಒಂದು ದಿನದ ಮೇಲೆ ಹಾಕಬೇಡಿ. ಆಮೇಲೆ ನಿಧಿಗಳ್ಳರು ಬಂದರು, ಪುರಾತನ ವಸ್ತು ವ್ಯಾಪಾರ ಬಂತು. ಇಡೀ ಮೂರ್ತಿ ಹೊರೋದು ಕಷ್ಟ, ತಲೆ ಒಂದನ್ನು ಚೀಲದಲ್ಲಿ ಒಯ್ಯಬಹುದು.

ಇನ್ನೊಂದು ಕಾರಣ ಕಲ್ಲಿನಲ್ಲೇ ಇದೆ, ಹತ್ತಿರ ಹೋಗಿ ನೋಡಿ. ಮರಳುಗಲ್ಲಿನ ದೊಡ್ಡ ಬುದ್ಧ ಏಕಶಿಲೆ ಅಲ್ಲ. ಮಡಿಲು, ಎದೆ, ತಲೆ ಅಂತ ಬೇರೆ ಬೇರೆ ತುಂಡು ಕೆತ್ತಿ ಒಂದರ ಮೇಲೊಂದು ಕೂರಿಸಿ, ಮೇಲೆ ಗಾರೆ ಬಳಿದು, ಅರಗು ಹಚ್ಚಿ ಚಿನ್ನದ ರೇಕು ಅಂಟಿಸುತ್ತಿದ್ದರು. ಗಾರೆ ಉದುರಿದ ಮೇಲೆ ಕುತ್ತಿಗೆಯ ಬೆಸುಗೆ ಬಯಲಾಗುತ್ತೆ. ಮೊದಲು ಕಳಚೋದೇ ತಲೆ. ಕೆಲವು ಮೂರ್ತಿಗಳಲ್ಲಿ ಕುತ್ತಿಗೆಯ ಜಾಗ ಒಡೆದ ಹಾಗಿಲ್ಲ, ಸಮತಟ್ಟಾಗಿದೆ. ಅದು ಕಡಿತದ ಗುರುತಲ್ಲ, ಜೋಡಣೆಯ ಗುರುತು.

ಹಂಪೆಹಾದಿ:
ಇದು ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಹಂಪಿಯ ಹೋಲಿಕೆ ಬಿಡೋದಿಲ್ಲ. ವಿಜಯನಗರ 1336, ಅಯುತ್ಥಯ 1350. ಸಮಕಾಲೀನರು. ಎರಡೂ ವಿಶ್ವ ಪರಂಪರೆ ತಾಣ, ಹಂಪಿ 1986, ಅಯುತ್ಥಯ 1991.

ಪಾಳಿಪದ:
1350 ಅಲ್ಲ, 1351. ಫಲಕಗಳಲ್ಲಿ ಎರಡೂ ಕಾಣ್ತವೆ, ಗಲಿಬಿಲಿ ಬೇಡ. ಅಲ್ಲಿನ ಬುದ್ಧ ಶಕ 1893 ಅಂತ ದಾಖಲೆ. 543 ಕಳೆದರೆ 1350 ಬರುತ್ತೆ. ಆದರೆ ಆಗಿನ ವರ್ಷ ಏಪ್ರಿಲಿನ ಹೊತ್ತಿಗೆ ಬದಲಾಗುತ್ತಿತ್ತು. ಊರು ಸ್ಥಾಪನೆಯಾದ ದಿನ ಮಾರ್ಚ್ ತಿಂಗಳಲ್ಲಿ, ಅಂದರೆ ನಮ್ಮ ಲೆಕ್ಕಕ್ಕೆ 1351.

ಈ 543 ನೆನಪಿಟ್ಟುಕೊಳ್ಳಿ, ಎಲ್ಲಾ ಕಡೆ ಬೇಕಾಗುತ್ತೆ. ಎಲ್ಲಾದರೂ 2310 ಅಂತ ಕಂಡರೆ ಅದು 1767. ಅಂಗಡಿಯ ತಿಂಡಿ ಪೊಟ್ಟಣದ ಮೇಲಿನ ದಿನಾಂಕವೂ ಕೆಲವೊಮ್ಮೆ ಇದೇ ಶಕದಲ್ಲಿರುತ್ತೆ.

ಬಿಳಿಜೋಳ:
ಹಂಪಿ ಕಲ್ಲು, ಅಯುತ್ಥಯ ಇಟ್ಟಿಗಿ. ಹೋಲಿಕಿ ಅಲ್ಲಿಗೇ ಮುಗೀತು ಅಲ್ಲೇನ್ರಿ?

ಗಾರೆಗಚ್ಚು:
ಮುಗಿಯೋದಿಲ್ಲ, ಅಲ್ಲಿಂದಲೇ ಶುರು. ಚಾವೊ ಫ್ರಾಯಾ, ಪಾ ಸಕ್, ಲೊಪ್‌ಬುರಿ, ಈ ಮೂರು ನದಿ ಸುತ್ತುವರಿದ ದ್ವೀಪ ಅದು. ಮೆಕ್ಕಲು ಮಣ್ಣಿನ ಬಯಲು, ಸುತ್ತ ಬಂಡೆ ಇಲ್ಲ. ಹಾಗಾಗಿ ನದಿಯ ಜೇಡಿಯಿಂದ ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ. ಮೆತ್ತಗಿನ ನೆಲಕ್ಕೆ ಭಾರ ತಡೆಯೋದಿಲ್ಲ, ಅದಕ್ಕೇ ಹಲವು ಚೇದಿಗಳು ವಾಲಿ ನಿಂತಿವೆ. ಸಭಾಮಂಟಪಗಳಲ್ಲಿ ಕಂಬ ಮಾತ್ರ ಉಳಿದದ್ದು ಯಾಕೆ? ಛಾವಣಿ ಮರದ್ದು, ಮೇಲೆ ಹೆಂಚು. 1767ರ ಬೆಂಕಿಗೆ ಅದು ಹೋಯಿತು, ಇಟ್ಟಿಗೆಯ ಕಂಬ ಉಳಿಯಿತು.

ಉಳಿದ ಗೋಡೆಗಳೂ ಪೂರ್ತಿ ಉಳಿಯಲಿಲ್ಲ. 1782ರಲ್ಲಿ ಬ್ಯಾಂಕಾಕ್ ರಾಜಧಾನಿ ಆದಾಗ ಹೊಸ ಕೋಟೆ ಕಟ್ಟಲು ಅಯುತ್ಥಯದ ಇಟ್ಟಿಗೆಯನ್ನೇ ಕಿತ್ತು ದೋಣಿಯಲ್ಲಿ ಸಾಗಿಸಿದರು. ನೀವು ಕಾಣುವ ಖಾಲಿ ಜಾಗದಲ್ಲಿ ಒಂದಷ್ಟು ಪಾಲು ಇದರದ್ದು.

ಸಿಂಗಪುರದಕನ್ನಡಿ:
ಇತಿಹಾಸ ಚೆನ್ನಾಗಿದೆ, ಆದರೆ ಕೇಳಿದವರಿಗೆ ಇನ್ನೂ ಊರೊಳಗೆ ಓಡಾಡೋದು ಹೇಗೆ ಅಂತ ಯಾರೂ ಹೇಳಿಲ್ಲ. ಸೈಕಲ್ ಬಾಡಿಗೆ ದಿನಕ್ಕೆ 50 ಬಾತ್ ಸುಮಾರು, ನೆಲ ಸಮತಟ್ಟು. ಸೈಕಲ್ಲೇ ಉತ್ತಮ.

ರೈಲುಹಳಿ:
ಎಪ್ಪತ್ತರ ಮೊಣಕಾಲಿಗೆ ಸೈಕಲ್ಲಾ? ಟುಕ್‌ಟುಕ್ ತಗೊಳ್ಳಲಿ. ಅಲ್ಲಿನ ಟುಕ್‌ಟುಕ್ ಬ್ಯಾಂಕಾಕ್‌ನ ಥರ ಅಲ್ಲ, ಮುಂಭಾಗ ಕಪ್ಪೆ ಮೂತಿ, ಹಿಂದೆ ಎದುರುಬದುರು ಬೆಂಚು. ನಾಲ್ಕು ಜನ ಆರಾಮಾಗಿ ಕೂರ್ತಾರೆ.

ಮಾತಾಡುವ ಕ್ರಮ ಹೀಗಿರಲಿ. ನಿಲ್ದಾಣದ ಹೊರಗೆ ಚಾಲಕರು ಫೋಟೊ ಇರುವ ನಕ್ಷೆ ತೋರಿಸ್ತಾರೆ. ಗಂಟೆಗೆ 200ರಿಂದ 300 ಬಾತ್ ಆಸುಪಾಸು. ನಿಮಗೆ ಬೇಕಾದ ಜಾಗಗಳನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ. ಎಷ್ಟು ಗಂಟೆ, ಒಟ್ಟು ಎಷ್ಟು ಅಂತ ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿ. ಅದು ಇಡೀ ವಾಹನಕ್ಕಾ, ತಲೆಗಾ ಅನ್ನೋದನ್ನು ಖಚಿತ ಮಾಡಿಕೊಳ್ಳಿ. ಜಗಳ ಆಗೋದು ಬಹುಪಾಲು ಇಲ್ಲೇ. ವಾಹನದ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ, ದೇಗುಲದಿಂದ ಹೊರಬಂದಾಗ ಎಲ್ಲಾ ಟುಕ್‌ಟುಕ್‌ಗಳೂ ಒಂದೇ ರೀತಿ ಕಾಣ್ತವೆ. ದುಡ್ಡು ಕೊನೆಗೆ ಕೊಡಿ.

ಸಿಂಗಪುರದಕನ್ನಡಿ:
ಹಿರಿಯರ ಮಾತು ಮರೆತೆ, ನಿಜ. ಸೈಕಲ್ ಬೇಕಾದವರಿಗೆ ಮಾತ್ರ: ನಿಲ್ದಾಣ ದ್ವೀಪದ ಹೊರಗೆ, ಪೂರ್ವ ದಂಡೆಯಲ್ಲಿದೆ. ಎದುರಿನ ರಸ್ತೆ ದಾಟಿ ನೇರ ಗಲ್ಲಿಯಲ್ಲಿ ನಡೆದರೆ ಪಾ ಸಕ್ ನದಿಯ ಕಟ್ಟೆ ಸಿಗುತ್ತೆ. ಕೆಲವೇ ಬಾತ್‌ಗೆ ದೋಣಿ ದಾಟಿಸ್ತಾರೆ. ದೋಣಿ ದಾಟಿ ಬಾಡಿಗೆ ಪಡೆಯಿರಿ, ಸೇತುವೆಯ ಲಾರಿ ಸಂಚಾರ ತಪ್ಪುತ್ತೆ. ಸೈಕಲ್ ಪಡೆಯುವಾಗ ಪಾಸ್‌ಪೋರ್ಟ್ ಅಡ ಇಡಬೇಡಿ, ಠೇವಣಿ ಹಣ ಕೊಡಿ. ಬ್ರೇಕ್, ಬೀಗ ನೋಡಿಕೊಂಡೇ ಹೊರಡಿ.

ಕಾವೇರಿಕೊಳ್ಳ:
ಟುಕ್‌ಟುಕ್ಕೇ ಖಾತ್ರಿ ಮಾಡಿದ್ವಿ. ಪ್ರವೇಶ ಶುಲ್ಕ? ಮೆಟ್ಟಿಲು ಎಲ್ಲೆಲ್ಲಿ ಜಾಸ್ತಿ?

ಕರಾವಳಿಕಣ್ಣು:
ದೊಡ್ಡ ಅವಶೇಷಗಳಿಗೆ ವಿದೇಶಿಯರಿಗೆ ಬಹುಕಾಲ ತಲಾ 50 ಬಾತ್ ಇತ್ತು, ಆರು ಜಾಗದ ಒಟ್ಟು ಪಾಸ್ 220. ದರ ಏರಿಸ್ತಾ ಇರ್ತಾರೆ, ಕೌಂಟರಿನ ಫಲಕ ನೋಡಿ ಲೆಕ್ಕ ಹಾಕಿ. ಆ ಹಳೇ ದರದಲ್ಲಿ ನಾಲ್ಕೇ ಜಾಗ ನೋಡೋದಾದ್ರೆ ಬಿಡಿ ಟಿಕೆಟ್ಟೇ ಅಗ್ಗ, ಐದಾದರೆ ಪಾಸ್. ಬೆಳಗ್ಗೆ 8ಕ್ಕೆ ತೆರೆದು ಸಂಜೆ 6ರ ಹೊತ್ತಿಗೆ ಮುಚ್ಚುತ್ತೆ. ಯಾಯ್ ಚೈ ಮೊಂಗ್‌ಖೊನ್, ಫನನ್ ಚೆಂಗ್ ಇವು ಪೂಜೆ ನಡೆಯುವ ದೇಗುಲಗಳು, ಪಾಸಿನೊಳಗೆ ಬರೋದಿಲ್ಲ, ಪ್ರತ್ಯೇಕ ಸಣ್ಣ ಶುಲ್ಕ.

ಮೆಟ್ಟಿಲು: ರಾಚ್ಚಬುರಣದ ಪ್ರಾಂಗ್ ಕಡಿದು, ಒಳಗಿನ ನೆಲಮಾಳಿಗೆಗೆ ಇಳಿಯೋದು ಇನ್ನೂ ಇಕ್ಕಟ್ಟು, ಉಸಿರು ಕಟ್ಟಿದ ಹಾಗಾಗುತ್ತೆ. ಯಾಯ್ ಚೈ ಮೊಂಗ್‌ಖೊನ್ ಚೇದಿಯ ಮೆಟ್ಟಿಲೂ ಕಡಿದು. ಹಿರಿಯರು ಎರಡನ್ನೂ ಕೆಳಗಿಂದಲೇ ನೋಡಲಿ. ಮೊಂಗ್‌ಖೊನ್ ಬೊಫಿತ್, ಫನನ್ ಚೆಂಗ್, ಮಲಗಿದ ಬುದ್ಧನ ಲೋಕಯಸುಥಾರಾಮ್, ಈ ಮೂರಕ್ಕೆ ಹತ್ತುವ ಕಷ್ಟ ಇಲ್ಲ. ಮಹಾಥಾತ್‌ನಲ್ಲಿ ಮೆಟ್ಟಿಲಿಗಿಂತ ಎದ್ದುಬಿದ್ದ ಇಟ್ಟಿಗೆ ಹಾಸು ತೊಂದರೆ. ತೆಳು ಚಪ್ಪಲಿ ಬೇಡ.

ತುಂಗಾತೀರ:
ಆದರೆ ಪೂಜೆ ನಡೆಯುವ ಕಡೆ ಪಾದರಕ್ಷೆ ಬಿಡಬೇಕು. ದಾರ ಕಟ್ಟುವ ಶೂ ಆದರೆ ದಿನಕ್ಕೆ ಆರು ಸಲ ಬಗ್ಗಬೇಕು. ಹಿಂದೆ ಪಟ್ಟಿ ಇರುವ ಗಟ್ಟಿ ಸ್ಯಾಂಡಲ್ ಸರಿಹೋಗುತ್ತೆ. ಬಿಸಿಲಿಗೆ ಕಾದ ನೆಲದ ಮೇಲೆ ನಡೆಯೋಕೆ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ.

ಹಂಪೆಹಾದಿ:
ರಾಚ್ಚಬುರಣ ಕೆಳಗಿಂದ ನೋಡಿದರೂ ಸಾಕು ಅನ್ನೋದನ್ನು ಒಪ್ಪಲ್ಲ. ಆ ನೆಲಮಾಳಿಗೆಯೇ ಅದರ ಜೀವ. ಅಯುತ್ಥಯದ ದೊರೆ ಇಂದ್ರರಾಜ ಸತ್ತ ಮೇಲೆ ಇಬ್ಬರು ಹಿರಿಯ ಮಕ್ಕಳು ಆನೆ ಮೇಲೆ ಕಾದಾಡಿ ಇಬ್ಬರೂ ಸತ್ತರು. ಮೂರನೆಯವನು, ಚಾವೊ ಸಾಮ್ ಫ್ರಾಯಾ, ರಾಜನಾಗಿ ಅಣ್ಣಂದಿರ ದಹನದ ಜಾಗದಲ್ಲಿ ಇದನ್ನು ಕಟ್ಟಿಸಿದ. ಗರ್ಭದಲ್ಲಿ ಚಿನ್ನ ತುಂಬಿಸಿಟ್ಟ. 1957ರಲ್ಲಿ ಕಳ್ಳರು ತೋಡಿ ಒಳಗೆ ಇಳಿದರು. ಅದು ಗೊತ್ತಾದ ಮೇಲೇ ಸರಕಾರ ಅಗೆದು ಉಳಿದದ್ದನ್ನು ಹೊರತೆಗೆದದ್ದು.

ಗಾರೆಗಚ್ಚು:
ಕಥೆ ಸರಿ. ಆದರೆ ಆ ಚಿನ್ನ ಈಗ ನೆಲಮಾಳಿಗೆಯಲ್ಲಿಲ್ಲ, ಚಾವೊ ಸಾಮ್ ಫ್ರಾಯಾ ಮ್ಯೂಸಿಯಂನಲ್ಲಿದೆ. ಕೆಳಗೆ ಮಸುಕಾದ ಭಿತ್ತಿಚಿತ್ರ ಮಾತ್ರ. ಹಿರಿಯರಿಗೆ ಮ್ಯೂಸಿಯಂ ಮೇಲು: ನೆರಳು, ತಂಪು, ಕೂರಲು ಜಾಗ. 1961ರಲ್ಲಿ ಶುರುವಾದದ್ದು. ಅಲ್ಲಿ ಅಂಗೈ ಮೇಲೆ ಕೂರುವಷ್ಟು ಚಿಕ್ಕ ಚಿನ್ನದ ಆನೆ ಇದೆ. ಮಂಡಿಯೂರಿದೆ, ಸೊಂಡಿಲು ಮೇಲೆತ್ತಿದೆ, ಮೈತುಂಬ ಹರಳು ಕೂರಿಸಿದ ಜೂಲು. ಪಕ್ಕದಲ್ಲಿ ಚಿನ್ನದ ಒರೆಯ ಖಡ್ಗ. ಮಹಾಥಾತ್‌ನ ನಡುಗೋಪುರದಡಿ 1956ರಲ್ಲಿ ಸಿಕ್ಕ ಧಾತುಕರಂಡವೂ (ಪವಿತ್ರ ಅವಶೇಷ ಇಡುವ ಕರಡಿಗೆ) ಇಲ್ಲೇ, ಒಂದರೊಳಗೊಂದು ಏಳು ಪದರ. ಮಧ್ಯಾಹ್ನ 12ರಿಂದ 2ರ ಬಿಸಿಲನ್ನು ಇಲ್ಲಿ ಕಳೆಯಿರಿ. ಸೋಮವಾರ ಮಾತ್ರ ಹೋಗಬೇಡಿ, ರಜೆ.

ರಾಚ್ಚಬುರಣವನ್ನು ಕೆಳಗಿಂದ ನೋಡುವವರು ಕತ್ತೆತ್ತಿ ಪ್ರಾಂಗ್‌ನ ಮೂಲೆಗಳನ್ನು ನೋಡಿ. ಗಾರೆಯ ಗರುಡರು ಇನ್ನೂ ಇದ್ದಾರೆ, ಕಾಲಡಿ ನಾಗ. ಗಾರೆ ಕೆಲಸ ಮೂಲ ಜಾಗದಲ್ಲೇ ಇಷ್ಟು ಚೆನ್ನಾಗಿ ಉಳಿದ ಪ್ರಾಂಗ್ ಆ ಊರಲ್ಲಿ ಅಪರೂಪ. ಎದುರಿನ ಮಹಾಥಾತ್‌ನ ನಡುಗೋಪುರ 1911ರಲ್ಲಿ ಕುಸಿದುಹೋಯಿತು. ರಸ್ತೆಯ ಆಚೆ ಈಚೆ ನಿಂತು ಎರಡನ್ನೂ ಹೋಲಿಸಿದರೆ ಏನು ಕಳೆದುಹೋಗಿದೆ ಅನ್ನೋದು ತಿಳಿಯುತ್ತೆ.

ಪಾಳಿಪದ:
ಹೆಸರುಗಳ ಬಗ್ಗೆ ಒಂದು ಮಾತು. ಕನ್ನಡದವರಿಗೆ ಇವು ಪರಕೀಯ ಅನ್ನಿಸಬೇಕಾಗಿಲ್ಲ, ಬರಹ ನೋಡಿದರೆ ಎಲ್ಲಾ ನಮ್ಮವೇ ಪದ, ಉಚ್ಚಾರ ಬೇರೆ. ಮಹಾಥಾತ್ ಮಹಾಧಾತು. ಚೈವತ್ಥನಾರಾಮ್ ಜಯವರ್ಧನಾರಾಮ. ಚೈ ಮೊಂಗ್‌ಖೊನ್ ಜಯಮಂಗಲ. ಸಿ ಸನ್‌ಫೆತ್ ಶ್ರೀ ಸರ್ವಜ್ಞ. ವಿಹಾನ್ ವಿಹಾರ, ಮೊಂಡೊಪ್ ಮಂಡಪ, ಚೇದಿ ಚೈತ್ಯ. ರಾಜರ ಹೆಸರು: ರಾಮಾಥಿಬೊದಿ ರಾಮಾಧಿಪತಿ, ನರೇಸುವನ್ ನರೇಶ್ವರ, ತ್ರೈಲೋಕನಾತ್ ತ್ರೈಲೋಕ್ಯನಾಥ. ಪದದ ಕೊನೆಯ ಸ್ವರ ನುಂಗಿ, ಕೊನೆಯ ರ ಮತ್ತು ಲ ಅನ್ನು ನ ಮಾಡಿದರೆ ಅರ್ಧ ಥಾಯ್ ಫಲಕ ಓದಿದ ಹಾಗೆ. ಅಯುತ್ಥಯ ಅಂದರೆ ಅಯೋಧ್ಯೆ, ಅದಂತೂ ಗೊತ್ತೇ ಇದೆ.

ಬಿಳಿಜೋಳ:
ಇದನ್ನ ಪ್ರಿಂಟ್ ಹಾಕ್ಕೊಂಡು ಹೋಗ್ರಿ.

ಹಂಪೆಹಾದಿ:
ಅಂದರೆ ರಾಮ ಹುಟ್ಟಿದ ಅಯೋಧ್ಯೆ ಅದೇ ಅಂತ ಅಲ್ಲಿಯವರು ನಂಬ್ತಾರಾ?

ಪಾಳಿಪದ:
ಇಲ್ಲ. ರಾಜಧಾನಿಗೆ ಆದರ್ಶ ರಾಜನ ಊರಿನ ಹೆಸರಿಟ್ಟದ್ದು. ಅವರ ರಾಮಾಯಣ ರಾಮಕಿಯೆನ್, ಅಂದರೆ ರಾಮಕೀರ್ತಿ. ಆಸ್ಥಾನದಲ್ಲಿ ಬ್ರಾಹ್ಮಣ ಪುರೋಹಿತರೂ ಇದ್ದರು, ಅವರ ಆಚರಣೆಗಳಲ್ಲಿ ತಮಿಳಿನ ತಿರುವೆಂಪಾವೈಯ ಎಳೆ ಉಳಿದುಬಂದಿದೆ. ಆದರೆ ಊರು ಬೌದ್ಧರದ್ದು, ಥೇರವಾದ.

ಕಾವೇರಿಕೊಳ್ಳ:
ಊಟದ್ದು ಯಾರೂ ಹೇಳಲೇ ಇಲ್ಲ!

ತುಂಗಾತೀರ:
ನಿಮ್ಮ ಇಬ್ಬರಿಗೆ ಒಂದೇ ಪದ ಸಾಕು: ಜೇ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ನೋಡಲು 17ರ ಹಾಗೆ ಇರುತ್ತೆ. ಚೀನಾ ಮೂಲದ ಬೌದ್ಧ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿಯ ಅಡುಗೆಗೆ ಬಹಳ ಹತ್ತಿರ.

ಮಂಗ್‌ಸವಿರತ್ ಅಂದರೆ ಸಾಮಾನ್ಯ ಸಸ್ಯಾಹಾರ. ಅದರಲ್ಲಿ ಬೆಳ್ಳುಳ್ಳಿ, ಮೊಟ್ಟೆ ಬರಬಹುದು. "ವೆಜಿಟೇರಿಯನ್" ಅಂತ ಇಂಗ್ಲಿಷಿನಲ್ಲಿ ಹೇಳಿದರೆ ಮಾಂಸದ ತುಂಡು ತೆಗೆದು ಮೀನಿನ ಸಾಸ್ ಹಾಕಿಯೇ ಕೊಡೋದು ಉಂಟು. ಅವರ ಲೆಕ್ಕದಲ್ಲಿ ಅದು ಉಪ್ಪಿನ ಬದಲು, ಮೋಸ ಅಲ್ಲ. ಹಾಗಾಗಿ "ಮಾಯ್ ಸಾಯ್ ನಾಮ್ ಪ್ಲಾ", ಮೀನಿನ ಸಾಸ್ ಬೇಡ, "ಮಾಯ್ ಸಾಯ್ ಖಾಯ್", ಮೊಟ್ಟೆ ಬೇಡ. ಪಪ್ಪಾಯ ಸಲಾಡ್ ಸೊಮ್ ತಮ್ ಕಂಡು ತರಕಾರಿ ಅಂತ ಮೋಸ ಹೋಗಬೇಡಿ, ಒಣಸೀಗಡಿ ಕುಟ್ಟಿ ಹಾಕಿರ್ತಾರೆ. ಕರಿಗಳ ಮಸಾಲೆಯಲ್ಲೇ ಸೀಗಡಿಯ ಪೇಸ್ಟ್ ಇರುತ್ತೆ, ಮೇಲಿಂದ ತೆಗೆಯೋಕೆ ಆಗೋದಿಲ್ಲ.

ಕರಾವಳಿಕಣ್ಣು:
ಮೀನು ತಿನ್ನುವವರಿಗೆ ಅಲ್ಲಿನ ನದಿಯ ದೊಡ್ಡ ಸೀಗಡಿ, ಕೆಂಡದ ಮೇಲೆ ಸುಟ್ಟದ್ದು. ಉದ್ದಕ್ಕೆ ಸೀಳಿ ಇಡ್ತಾರೆ, ತಲೆಯೊಳಗಿನ ಕಿತ್ತಳೆ ಬಣ್ಣದ ಕೊಬ್ಬನ್ನು ಅನ್ನಕ್ಕೆ ಕಲಸಿ ತಿನ್ನೋದು. ತೂಕದ ಮೇಲೆ ದರ. ಕಿಲೋಗೆ ದರ ಎಷ್ಟು, ಒಂದು ಕಿಲೋಗೆ ಎಷ್ಟು ಸೀಗಡಿ ಬರುತ್ತೆ, ಎರಡನ್ನೂ ಕೇಳಿ.

ತುಂಗಾತೀರ:
ಸಿಹಿಗೆ ರೋತಿ ಸಾಯ್ ಮಾಯ್. ಅಯುತ್ಥಯದ ಮುಸ್ಲಿಂ ಕುಟುಂಬಗಳ ಕಸುಬು, ದ್ವೀಪದ ದಕ್ಷಿಣ ಅಂಚಿನ ಊ ಥೋಂಗ್ ರಸ್ತೆಯಲ್ಲಿ ಸಾಲು ಅಂಗಡಿ. ಸೋನ್ ಪಾಪ್ಡಿಯ ಎಳೆಯಂಥ ಸಕ್ಕರೆಯ ನೂಲು ಒಂದು ಪೊಟ್ಟಣ, ಕಾಗದದಷ್ಟು ತೆಳು ಮೈದಾ ರೋಟಿ ಇನ್ನೊಂದು ಪೊಟ್ಟಣ. ತಿನ್ನುವಾಗಲೇ ಸುತ್ತಬೇಕು. ಮೊದಲೇ ಸುತ್ತಿಟ್ಟರೆ ನೂಲು ತೇವ ಹೀರಿ ಗಂಟಾಗುತ್ತೆ. ಪೊಟ್ಟಣ ಒಡೆದ ದಿನವೇ ಮುಗಿಸಿ.

ಸಿಂಗಪುರದಕನ್ನಡಿ:
ಅದೇ ರಸ್ತೆಯ ಹತ್ತಿರ ನದಿಯಾಚೆ ಹಳೇ ವಿದೇಶಿ ಬಡಾವಣೆಗಳಿದ್ದವು. ಪೋರ್ಚುಗೀಸರು 1511ರಲ್ಲೇ ಬಂದರು, ಆಮೇಲೆ ಡಚ್ಚರು, ಜಪಾನೀಯರು. ಮೂರರ ಜಾಗವೂ ಈಗ ನೋಡಬಹುದು. ಅಯುತ್ಥಯವನ್ನು ಬರೀ ದೇಗುಲದ ಊರು ಅಂದುಕೊಂಡವರಿಗೆ ಇದು ಬೇಕು, ಅದು ಬಂದರಿನ ಊರು.

ರೈಲುಹಳಿ:
ಒಂದೇ ದಿನದವರಿಗೆ ಅದು ಹೆಚ್ಚಾಯ್ತು. ತೇಲುವ ಮಾರುಕಟ್ಟೆ ಅಂತ ಚಾಲಕರು ಒತ್ತಾಯ ಮಾಡ್ತಾರೆ, ಅದು ಇತ್ತೀಚೆಗೆ ಪ್ರವಾಸಿಗರಿಗಾಗಿ ಕಟ್ಟಿದ್ದು. ಬಿಡಿ. ಆನೆ ಸವಾರಿಯೂ ಬಿಡಿ, ಬೆನ್ನ ಮೇಲೆ ಕಬ್ಬಿಣದ ಕುರ್ಚಿ, ಕಾಲಡಿ ಡಾಂಬರು.

ಕರಾವಳಿಕಣ್ಣು:
ಬಾಂಗ್ ಪಾ-ಇನ್ ಅರಮನೆಯನ್ನೂ ಅದೇ ದಿನ ತುರುಕಬೇಡಿ. ಸುಮಾರು 20 ಕಿ.ಮೀ. ದಕ್ಷಿಣಕ್ಕೆ, ಉಡುಪಿನ ನಿಯಮ ಬಿಗಿ, ಸುತ್ತೋದಕ್ಕೇ ಎರಡು ಗಂಟೆ ಬೇಕು. ಕೊಳದ ನಡುವಿನ ಆ ಮಂಟಪ ಸುಂದರವೇ, ಆದರೆ ಕಾಲ ಬೇರೆ, ಕಥೆ ಬೇರೆ.

ಹಂಪೆಹಾದಿ:
ವತ್ ನಾ ಫ್ರಾ ಮೇನ್ ಯಾರೂ ಹೇಳಲಿಲ್ಲವಲ್ಲ? ಬರ್ಮಾ ಸೇನೆ ಸುಡದೆ ಬಿಟ್ಟದ್ದು. ಛಾವಣಿ ಸಮೇತ ಆ ಕಾಲದ ಸಭಾಂಗಣ ಹೇಗಿತ್ತು ಅಂತ ತಿಳಿಯಬೇಕಾದರೆ ಅದೇ. ಒಳಗೆ ಕಿರೀಟ, ಆಭರಣ ತೊಟ್ಟ ಬುದ್ಧ.

ಗಾರೆಗಚ್ಚು:
ಸರಿಯಾಗಿ ಹೇಳಿದ್ರಿ, ನನ್ನ ಪಟ್ಟಿಯ ಲೋಪ ಅದು. ಪಕ್ಕದ ಸಣ್ಣ ವಿಹಾರದಲ್ಲಿ ಇನ್ನೊಬ್ಬ ಬುದ್ಧ ಇದ್ದಾನೆ. ಹಸಿರು ಛಾಯೆಯ ಕಲ್ಲು, ಕುರ್ಚಿಯಲ್ಲಿ ಕೂತ ಹಾಗೆ ಎರಡೂ ಪಾದ ಇಳಿಬಿಟ್ಟಿದ್ದಾನೆ. ಅಯುತ್ಥಯಕ್ಕಿಂತ ಶತಮಾನಗಳ ಹಿಂದಿನ ದ್ವಾರಾವತಿ ಕಾಲದ್ದು. ಎರಡೂ ನೋಡಲು ಅರ್ಧ ಗಂಟೆ. ಫನನ್ ಚೆಂಗ್ ಬಿಟ್ಟಾದರೂ ಇದನ್ನು ನೋಡಿ.

ಕರಾವಳಿಕಣ್ಣು:
ಅದಕ್ಕೆ ನನ್ನ ವಿರೋಧ ಇದೆ. ಫನನ್ ಚೆಂಗ್‌ನ 19 ಮೀಟರ್ ಬುದ್ಧ 1324ರದ್ದು, ರಾಜಧಾನಿಗಿಂತಲೂ ಹಳೆಯದು. ಜನ ಇಂದಿಗೂ ಕೇಸರಿ ವಸ್ತ್ರ ಹರಕೆ ಕೊಟ್ಟು ಮೂರ್ತಿಗೆ ಹೊದಿಸ್ತಾರೆ. ಅವಶೇಷಗಳ ನಡುವೆ ಉಸಿರಾಡುವ ಒಂದು ದೇಗುಲ ನೋಡದೆ ಬರೋದಾ?

ಗಾರೆಗಚ್ಚು:
ನಾ ಫ್ರಾ ಮೇನ್‌ನಲ್ಲೂ ಪೂಜೆ ನಡೆಯುತ್ತೆ. ಫನನ್ ಚೆಂಗ್ ದ್ವೀಪದ ಆಗ್ನೇಯಕ್ಕೆ, ನದಿಯಾಚೆ. ಸಮಯ ಇದ್ದವರು ಎರಡೂ ನೋಡಲಿ, ಹಿರಿಯರಿದ್ದಾಗ ಒಂದು ಆಯ್ಕೆ ಮಾಡಲೇಬೇಕು.

ಕಾವೇರಿಕೊಳ್ಳ:
ಎಲ್ಲರಿಗೂ ಧನ್ಯವಾದ. ಈಗಿನ ಯೋಜನೆ: ಬೆಳಗ್ಗೆ ಎ.ಸಿ. ರೈಲು, 9ಕ್ಕೆ ಟುಕ್‌ಟುಕ್. ಮಹಾಥಾತ್, ಎದುರಿನ ರಾಚ್ಚಬುರಣ, ಆಮೇಲೆ ಸಿ ಸನ್‌ಫೆತ್ ಮತ್ತು ಪಕ್ಕದ ಮೊಂಗ್‌ಖೊನ್ ಬೊಫಿತ್. ಜೇ ಊಟ. ಮ್ಯೂಸಿಯಂ. 3ಕ್ಕೆ ನಾ ಫ್ರಾ ಮೇನ್. ಸೂರ್ಯಾಸ್ತಕ್ಕೆ ಚೈವತ್ಥನಾರಾಮ್. ಸಂಜೆ ರೈಲಿಗೆ ವಾಪಸ್. ಗುರುವಾರ.

ಗಾರೆಗಚ್ಚು:
ಚೈವತ್ಥನಾರಾಮ್ ಪೂರ್ವಾಭಿಮುಖ, ನದಿಯ ಪಶ್ಚಿಮ ದಂಡೆ. ಸಂಜೆ ಸೂರ್ಯ ಅದರ ಹಿಂದೆ ಇಳಿಯುತ್ತೆ. ಒಳಗಿದ್ದರೆ ಮುಂಭಾಗ ಕಪ್ಪಾಗಿ ಕಾಣುತ್ತೆ. 4ಕ್ಕೇ ಒಳಗೆ ಹೋಗಿ ಸುತ್ತಿನ ಸಾಲು ಬುದ್ಧರನ್ನು, ಮೂಲೆಯ ಗುಡಿಗಳ ಹೊರಗೋಡೆಯ ಗಾರೆ ಚಿತ್ರವನ್ನು ಬೆಳಕಿದ್ದಾಗಲೇ ನೋಡಿ. 5:30ಕ್ಕೆ ನದಿಯ ಈಚೆ ದಂಡೆಗೆ ಬನ್ನಿ. ಆಗ ಗೋಪುರಗಳ ಅಂಚು ಮಾತ್ರ ಉಳಿಯುತ್ತೆ, ಹಿಂದೆ ಇಡೀ ಆಕಾಶ. ಡಿಸೆಂಬರಿನಲ್ಲಿ ಸೂರ್ಯ 6ರ ಒಳಗೇ ಮುಳುಗುತ್ತೆ.

ತುಂಗಾತೀರ:
ಅಲ್ಲಿ ಥಾಯ್ ಸಾಂಪ್ರದಾಯಿಕ ಉಡುಪು ತೊಟ್ಟ ನೂರಾರು ಜನ ಸಿಗ್ತಾರೆ. 2018ರಲ್ಲಿ ಒಂದು ಟಿವಿ ಧಾರಾವಾಹಿ ಜನಪ್ರಿಯ ಆದಾಗಿನಿಂದ ಹೀಗೆ. ಬಾಡಿಗೆ ಅಂಗಡಿ ಎದುರಿಗೇ ಇದೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹೋಗುವವರಿಗೆ ಮಾತ್ರ ಎಚ್ಚರಿಕೆ: ನದಿ ಉಕ್ಕಿದರೆ ದಂಡೆಯಲ್ಲಿ ಪ್ರವಾಹ ತಡೆಗೋಡೆ ಎತ್ತಿರ್ತಾರೆ. 2011ರಲ್ಲಿ ಇಡೀ ಆವರಣ ಮುಳುಗಿತ್ತು.

ರೈಲುಹಳಿ:
ಒಂದೇ ತಿದ್ದುಪಡಿ. ಸಂಜೆ ರೈಲು ನೆಚ್ಚಿಕೊಳ್ಳಬೇಡಿ. ಬ್ಯಾಂಕಾಕ್ ಕಡೆಗೆ ಬರುವವು ಬಹಳಷ್ಟು ಉತ್ತರ ಮತ್ತು ಈಶಾನ್ಯದ ದೂರದ ಊರುಗಳಿಂದ ಬರೋದು, ಎರಡೂ ಮಾರ್ಗ ಅಯುತ್ಥಯದ ಮೇಲೇ ಹಾದುಹೋಗ್ತವೆ. ಹೊತ್ತು ಇಳಿದ ಹಾಗೆ ತಡ ಸೇರಿಕೊಳ್ಳುತ್ತಾ ಹೋಗುತ್ತೆ, ಒಂದು ಗಂಟೆ ವಿಶೇಷ ಅಲ್ಲ. ಹಿರಿಯರನ್ನು ಕತ್ತಲಲ್ಲಿ ಪ್ಲಾಟ್‌ಫಾರಂನಲ್ಲಿ ಕೂರಿಸೋದಕ್ಕಿಂತ ಹೋಗೋದು ರೈಲು, ಬರೋದು ಟ್ಯಾಕ್ಸಿ ಮಾಡಿ. ಆ್ಯಪ್ ಟ್ಯಾಕ್ಸಿ ಅಲ್ಲಿ ಸಿಗುತ್ತೆ, ಆದರೆ ಸಂಜೆ ವಾಹನ ಕಡಿಮೆ, 5ರ ಹೊತ್ತಿಗೇ ಕಾದಿರಿಸಿ. ನಿಮ್ಮ ಟುಕ್‌ಟುಕ್ ಚಾಲಕನನ್ನೇ ಕೇಳಿದರೂ ಪರಿಚಯದ ಕಾರಿನವರನ್ನು ಕರೆಸ್ತಾನೆ.

ಸಿಂಗಪುರದಕನ್ನಡಿ:
ಇಲ್ಲಾಂದ್ರೆ ಮೊದಲೇ ಹೇಳಿದ ಹಾಗೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಕತ್ತಲಾದ ಮೇಲೆ ಗೋಪುರಗಳಿಗೆ ದೀಪ ಹಾಕ್ತಾರೆ, ರಸ್ತೆಯಿಂದಲೇ ಕಾಣುತ್ತೆ, ಟಿಕೆಟ್ ಬೇಡ. ಮಾರನೇ ಬೆಳಗ್ಗೆ ತಂಪಿನಲ್ಲಿ ಫನನ್ ಚೆಂಗ್ ಮುಗಿಸಿ ಹೊರಟರೆ ಕರಾವಳಿಕಣ್ಣು ಅವರ ವಾದವೂ ಗೆಲ್ಲುತ್ತೆ.

ಕಾವೇರಿಕೊಳ್ಳ:
ಮನೆಯಲ್ಲಿ ಕೇಳಿದೆ, ಒಂದು ರಾತ್ರಿ ಉಳಿಯೋಣ ಅಂದ್ರು. ಗುರುವಾರ ಹೋಗಿ ಶುಕ್ರವಾರ ಮಧ್ಯಾಹ್ನ ವಾಪಸ್.

ಬಿಳಿಜೋಳ:
ಛಲೋ ಆತು. ಥಾಯ್ಲೆಂಡಿನ ಆಗಮನ ಕಾರ್ಡ್ ಮರೀಬ್ಯಾಡ್ರಿ. 2025ರ ಮೇ 1ರಿಂದ ಆನ್‌ಲೈನ್ ತುಂಬೋದು ಕಡ್ಡಾಯ, ಇಳಿಯೂ ದಿನಕ್ಕಿಂತ ಮೂರು ದಿನದ ಒಳಗ ತುಂಬಬೇಕು. ಸರಕಾರದ ತಾಣದಾಗ ಪುಕ್ಕಟೆ. ಯಾವುದಾದ್ರೂ ತಾಣ ರೊಕ್ಕ ಕೇಳಿದ್ರ ಅದು ಅಸಲಿ ಅಲ್ಲ, ಮುಚ್ಚಿ ಹೊರಗ ಬರ್ರಿ.